ಕಾಣದ ಚಿಹ್ನೆ ಸಿಕ್ಕಿತು, ವಾಟ್ಸಾಪ್ ಫೋಟೊಗಳ ತಾರೀಕು ಸರಿಯಾಯ್ತು

ಫೋನ್ ಬದಲಾಯಿಸಿದಾಗ ವಾಟ್ಸಾಪ್ ಫೋಟೊಗಳೆಲ್ಲ ಗ್ಯಾಲರಿಯಲ್ಲಿ ಒಂದೇ ದಿನದ ಕೆಳಗೆ ಬಂದು ಕೂರುತ್ತವಲ್ಲ, ಅದನ್ನು ಕೊನೆಗೂ ಸರಿಮಾಡಿದೆ. ನಾಲ್ಕು ಸಾವಿರದಷ್ಟು ಫೋಟೊ. "ಫೈಲಲ್ಲೇ ಸಮಯ ಇಲ್ಲ, ಎಲ್ಲಿಂದ ತರ್ತೀಯ?" ಅಂತ ಗೆಳೆಯರು ಕೇಳಿದ್ದರು. ಫೋಟೊ ಆಗಿ ಕಳಿಸಿದ್ದರಲ್ಲಿ ಎಕ್ಸಿಫ್ (ತೆಗೆದ ದಿನ, ಸಮಯ ಮುಂತಾದವನ್ನು ಫೈಲಿನೊಳಗೆ ಬರೆದಿಡುವ ಮಾಹಿತಿ) ಉಳಿಯುವುದಿಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮಾತ್ರ ಇರುತ್ತದೆ. ಅಷ್ಟರ ಮಟ್ಟಿಗೆ ಅವರ ಮಾತು ನಿಜ.

ಮೊದಲು ವರ್ಷದ ಚಂದಾ ಕಟ್ಟಿ ಒಂದು ಆಪ್ ತಗೊಂಡೆ. ಅದು ಫೈಲ್ ಹೆಸರಿನಿಂದ ತಾರೀಕು ಓದುತ್ತಿತ್ತು. ಐಎಂಜಿ-20190412-ಡಬ್ಲ್ಯುಎ0047 ಅಂದರೆ 2019ರ ಏಪ್ರಿಲ್ 12. ಅಲ್ಲಿಯವರೆಗೆ ಸರಿ. ಕೊನೆಯ 0047 ಆ ದಿನದ ಕ್ರಮಸಂಖ್ಯೆ, ಅದನ್ನೂ ರಾತ್ರಿ 12 ಗಂಟೆ 47 ನಿಮಿಷ ಅಂತ ಓದಿಬಿಟ್ಟಿತು! 0063 ಬಂದಾಗ ಫೈಲನ್ನೇ ಕೈಬಿಟ್ಟಿತು. ಫೋಟೊ ಒಳಗಿನ ಮಾಹಿತಿ ಓದಿ ತಿದ್ದುವ, ಪುಕ್ಕಟೆ ಸಿಗುವ ಎಕ್ಸಿಫ್‌ಟೂಲ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಬಹುದು. ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಆಮೇಲೆ ಹೊಳೆದದ್ದು, ಚಾಟನ್ನು ಫೈಲಾಗಿ ಹೊರತೆಗೆಯುವ ವಾಟ್ಸಾಪಿನ ಚಾಟ್ ಎಕ್ಸ್‌ಪೋರ್ಟ್. ಆಂಡ್ರಾಯ್ಡ್‌ನಲ್ಲಿ ಮೀಡಿಯಾ ಸಮೇತ ಮಾಡಿದರೆ ಟೆಕ್ಸ್ಟ್ ಫೈಲಲ್ಲಿ ಪ್ರತಿ ಫೋಟೊಗೂ ಒಂದು ಸಾಲು ಇರುತ್ತದೆ: ತಾರೀಕು, ಸಮಯ, ಕಳಿಸಿದವರು, ಫೈಲ್ ಹೆಸರು. ಮೀಡಿಯಾ ಬಿಟ್ಟು ಮಾಡಿದರೆ ಫೈಲ್ ಹೆಸರೇ ಸಿಗಲ್ಲ, ನೆನಪಿರಲಿ. ಪೈಥಾನ್‌ನಲ್ಲಿ ಚಾಟಿನಲ್ಲಿರುವ ಹೆಸರನ್ನು ಫೋಟೊ ಫೈಲಿನ ಹೆಸರಿಗೆ ಹೊಂದಿಸಿ ಸಮಯ ತುಂಬುವ ಸಣ್ಣ ಸ್ಕ್ರಿಪ್ಟ್, ಅಂದರೆ ಪ್ರೋಗ್ರಾಂ, ಬರೆದೆ. ಒಂದು ಫೋಟೊ ಕೂಡ ಹೊಂದಲಿಲ್ಲ. ನೋಡಲು ಎರಡೂ ಹೆಸರು ಒಂದೇ ಥರ. ಅಕ್ಷರ ಎಣಿಸಿದರೆ ಚಾಟಿನ ಹೆಸರಲ್ಲಿ ಒಂದು ಜಾಸ್ತಿ. ಹೆಸರಿನ ಶುರುವಿನಲ್ಲೇ ಯೂನಿಕೋಡ್ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ) 200ಇ ಕೂತಿತ್ತು, ಎಡದಿಂದ ಬಲಕ್ಕೆ ಓದಿಸುವ ಕಾಣದ ಗುರುತು. ಸಮಯದ ಅಂಕಿಗೂ ಎಎಂ, ಪಿಎಂಗೂ ನಡುವೆ ಇದ್ದದ್ದೂ ಮಾಮೂಲಿ ಸ್ಪೇಸ್ ಅಲ್ಲ, 202ಎಫ್ ಎಂಬ ಕಿರಿದಾದ ಸ್ಪೇಸ್. ಇವೆರಡನ್ನು ತೆಗೆದ ತಕ್ಷಣ ಫೋಟೊಗಳು ಪಟಪಟ ಅಂತ ಹೊಂದಿಕೊಂಡವು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಹುಡುಕಿದ್ದು.

ಫೋಟೊ ಜೊತೆ ಬಂದ ಬರಹವನ್ನೂ ಫೈಲಿನ ಒಳಗೆ ಸೇರಿಸೋಣ ಅಂತ ಇನ್ನೊಂದು ಪ್ರಯೋಗಕ್ಕೆ ಇಳಿದೆ. ಕಾಣದ ಚಿಹ್ನೆಗಳನ್ನೆಲ್ಲ ಸಾರಾಸಗಟಾಗಿ ಅಳಿಸಿ ನೋಡಿದೆ. ಕುಟುಂಬದ ಎಮೋಜಿ ಒಡೆದು ಅಪ್ಪ, ಅಮ್ಮ, ಇಬ್ಬರು ಮಕ್ಕಳು ಬೇರೆ ಬೇರೆಯಾದರು. ಅವರನ್ನು ಒಂದೇ ಚಿತ್ರವಾಗಿ ಕೂಡಿಸುವ ಕೊಂಡಿ 200ಡಿ. ಕನ್ನಡವೂ ಕೆಟ್ಟಿತು: ಸಾಫ್ಟ್‌ವೇರ್ ಹೋಗಿ ಸಾಫ್ಟ್ವೇರ್ ಆಯ್ತು. ಅಲ್ಲಿ ಅಕ್ಷರ ಒತ್ತಾಗದಂತೆ ತಡೆಯುವ 200ಸಿ ಬೇಕೇ ಬೇಕು. ಹೃದಯದ ಬೆನ್ನಿಗಿದ್ದು ಬಣ್ಣದ ಎಮೋಜಿಯಾಗಿ ತೋರಿಸು ಅನ್ನುವ ಎಫ್‌ಇ0ಎಫ್ ಹೋದದ್ದರಿಂದ ಕೆಂಪು ಹೃದಯ ಕೆಲವು ಕಡೆ ಕಪ್ಪಾಗಿ ಕಂಡಿತು. ಹುಟ್ಟುಹಬ್ಬದ ಫೋಟೊ ಕೆಳಗೆ ಕಪ್ಪು ಹೃದಯ ಇದ್ದರೆ ಅರ್ಥವೇ ಬೇರೆ ಆಗುತ್ತೆ, ಅಲ್ವಾ? ಹಾಗಾಗಿ 200ಇ, 202ಎಫ್ ಎರಡನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ.

ಎಕ್ಸ್‌ಪೋರ್ಟ್‌ಗೆ ಮಿತಿ ಇದೆ, ತೀರಾ ಹಳೆಯ ಮೆಸೇಜ್ ಬರಲ್ಲ. ಅಂಥ ಫೋಟೊಗಳಿಗೆ ತಾರೀಕು ಹೆಸರಿನಿಂದಲೇ ತಗೊಂಡೆ. ಕ್ರಮಸಂಖ್ಯೆಯನ್ನು ಮಧ್ಯಾಹ್ನ 12ರ ನಂತರದ ಸೆಕೆಂಡುಗಳಾಗಿ ಹಾಕಿದೆ. ಗಂಟೆ ಸುಳ್ಳು, ಆದರೆ ಒಂದರ ಹಿಂದೆ ಒಂದು ಬರುವ ಸಾಲು ತಪ್ಪಲ್ಲ. ಒಂದೇ ಫೋಟೊ ನಾಲ್ಕು ಗುಂಪಲ್ಲಿ ಬಂದಿದ್ದರೆ ಯಾವ ಸಮಯ ನಂಬಬೇಕು ಅನ್ನುವುದಕ್ಕೂ ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹತ್ತರಲ್ಲಿ ಒಂಬತ್ತು ಫೋಟೊ ಸರಿಯಾದ ದಿನಕ್ಕೆ ಹೋಗಿ ಸೇರಿವೆ. ಹೀಗೆ ಸಿಗುವುದು ಚಾಟಿಗೆ ಬಂದ ಸಮಯ, ಕ್ಯಾಮೆರಾ ಒತ್ತಿದ ಸಮಯ ಅಲ್ಲ. ಈಗ ವೀಡಿಯೊಗಳಿಗೆ ಕೈ ಹಾಕಿದ್ದೇನೆ. ಎಂಪಿ4 ವೀಡಿಯೊ ಫೈಲಿನ ಒಳಗೆ ಸಮಯವನ್ನು ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರೆಯಬೇಕು, ಇಲ್ಲದಿದ್ದರೆ ರಾತ್ರಿಯ ವೀಡಿಯೊ ಮರುದಿನಕ್ಕೆ ಹಾರುತ್ತದೆ.