ಆಸಿಲೇಟರ್ ಅಲ್ಲಾಡ್ತಾನೇ ಇರ್ಲಿಲ್ಲ, ಕೊನೆಗೆ ಸಿಕ್ಕಿದ್ದು ಒಂದೇ ಸಾಲಿನ ತಪ್ಪು

ಫ್ರೀಕ್ವೆನ್ಸಿ ಟೈಮ್ ಜೊತೆ ಬದಲಾಗೋ ಕ್ವಾಂಟಮ್ ಆಸಿಲೇಟರ್‌ಗೆ (ಸ್ಪ್ರಿಂಗ್‌ಗೆ ಕಟ್ಟಿದಂಗೆ ಅತ್ತಿತ್ತ ಆಡೋ ಕಣ) ಕೋಡ್ ಬರೀತಿದ್ದೆ. ಶ್ರೋಡಿಂಗರ್ ಸಮೀಕರಣ ನೇರವಾಗಿ ಬಿಡಿಸೋ ಬದಲು 1969ರ ಲೂಯಿಸ್-ರೀಸನ್‌ಫೆಲ್ಡ್ ಇನ್‌ವೇರಿಯಂಟ್ (ಟೈಮ್ ಜೊತೆ ಬದಲಾಗದೆ ಉಳಿಯೋ ಪರಿಮಾಣ) ದಾರಿ ಹಿಡಿದೆ, ಅದ್ರಲ್ಲಿ ರೋ ಅನ್ನೋ ಒಂದೇ ಫಂಕ್ಷನ್ ಸಿಕ್ರೆ ಸಾಕು, ಕಣದ ಸ್ಥಿತಿ ಹೇಳೋ ಪೂರ್ತಿ ವೇವ್ ಫಂಕ್ಷನ್ ಕೈಗೆ ಬಂದಂಗೆ. ಆ ರೋ ಎರ್ಮಕೋವ್ ಸಮೀಕರಣಕ್ಕೆ ಉತ್ತರ ಆಗಿರ್ಬೇಕು: ರೋದ ಎರಡನೇ ಡೆರಿವೇಟಿವ್‌ಗೆ ಒಮೆಗಾ (ಅಂದ್ರೆ ಆ ಫ್ರೀಕ್ವೆನ್ಸಿ) ವರ್ಗ ಗುಣಿಸು ರೋ ಕೂಡಿಸಿದ್ರೆ ಒಂದು ಭಾಗಿಸು ರೋ ಘನ.

ಒಮೆಗಾ 1ರಿಂದ 2ಕ್ಕೆ ದಿಢೀರ್ ಅಂತ ಏರಿಸಿದಾಗ ಎಲ್ಲಾ ಸರಿ ಬಂತು. ಆಮೇಲೆ ಉಲ್ಟಾ, 2ರಿಂದ 1ಕ್ಕೆ ಇಳಿಸಿದೆ ನೋಡಿ, ವೇವ್ ಪ್ಯಾಕೆಟ್ (ಕಣ ಇರಬಹುದಾದ ಜಾಗದ ಹರಡು) ಕಲ್ಲು ಥರ ಕೂತ್ಬಿಡ್ತು! ಗ್ರಿಡ್ ಹಾಕಿ ನೇರವಾಗಿ ಲೆಕ್ಕ ಮಾಡಿದ್ರೆ ಎಕ್ಸ್ (ಕಣದ ಜಾಗ) ವರ್ಗದ ಸರಾಸರಿ 0.25ರಿಂದ 1ರವರೆಗೆ ಹೋಗಿ ಬರ್ತಿದೆ (ಕ್ವಾಂಟಮ್ ಸ್ಥಿರಾಂಕ ಎಚ್‌ಬಾರ್, ಮಾಸ್ ಎರಡೂ 1 ಅಂತ ಇಟ್ಕೊಂಡು), ನನ್ನ ಫಾರ್ಮುಲಾದಲ್ಲಿ ಮಾತ್ರ 0.5 ಬಿಟ್ಟು ಕದಲ್ತಿಲ್ಲ. ಎರಡು ದಿನ ಇಂಟಿಗ್ರೇಟರ್‌ನ (ಸಮೀಕರಣ ಹೆಜ್ಜೆಹೆಜ್ಜೆಯಾಗಿ ಬಿಡಿಸೋ ಕೋಡ್) ಸುಮ್ನೆ ಬೈಕೊಂಡೆ.

ತಪ್ಪಿದ್ದಿದ್ದು ಶುರುವಿನಲ್ಲೇ. ರೋ ಆರಂಭಕ್ಕೆ 1 ಅಂತ ಕೊಟ್ಟಿದ್ದೆ, ಗ್ರೌಂಡ್ ಸ್ಟೇಟ್‌ನಿಂದ (ಅತಿ ಕಡಿಮೆ ಎನರ್ಜಿ ಸ್ಥಿತಿ) ಹೊರಡ್ಬೇಕಾದ್ರೆ ಅದು ಒಂದು ಭಾಗಿಸು ಹಳೇ ಒಮೆಗಾದ ವರ್ಗಮೂಲ ಆಗಿರ್ಬೇಕು, ಡೆರಿವೇಟಿವ್ ಸೊನ್ನೆ. ಮೊದಲ ಟೆಸ್ಟಲ್ಲಿ ಹಳೇ ಒಮೆಗಾ 1 ಇದ್ದಿದ್ರಿಂದ ಕಾಕತಾಳೀಯವಾಗಿ ಪಾಸ್ ಆಗಿತ್ತು ಅಷ್ಟೇ.

ಅದು ಸರಿ ಮಾಡಿದ್ಮೇಲೂ ಒಮೆಗಾ ಬದಲಾದ್ಮೇಲೆ ಸ್ಥಿರವಾಗಿರ್ಬೇಕಾದ ಎನರ್ಜಿ 0.625ರಲ್ಲಿ ನಿಲ್ದೆ 0.5ವರೆಗೂ ಇಳಿದು ಮತ್ತೆ ಏರ್ತಿತ್ತು. ವೇವ್ ಫಂಕ್ಷನ್‌ನಲ್ಲಿ ಎಕ್ಸ್ ವರ್ಗದ ಜೊತೆ ಬರೋ ಫೇಸ್ (ಅಲೆಯ ಕೋನ), ರೋದ ಡೆರಿವೇಟಿವ್ ಭಾಗಿಸು ಎರಡು ರೋ, ಅದನ್ನ ಬಿಟ್ಟೇಬಿಟ್ಟಿದ್ದೆ. ಸೇರಿಸಿದ್ಮೇಲೆ ಗೆರೆ ನೆಟ್ಟಗಾಯ್ತು.