ಕಡಲಂಚಿನ ಡೇರೆಗೆ ನಾಯಿಯೂ ಬರುವುದಾದರೆ

ಗಂಡ ಹೆಂಡತಿ ಇಬ್ಬರೇ ಹೋದರೆ ಡೇರೆ ಎಲ್ಲಿ ಹಾಕಿದರೂ ಹೇಗೋ ಒಂದು ರಾತ್ರಿ ಕಳೆಯುತ್ತದೆ. ಜತೆಗೆ ನಾಯಿ ಬಂತೆಂದರೆ ಜಾಗ, ನೀರು, ನೆರಳು, ನಿದ್ದೆ ನಾಲ್ಕೂ ಅದರ ಲೆಕ್ಕದಲ್ಲೇ ನಡೆಯಬೇಕು. ಕಾರವಾರದಿಂದ ಭಟ್ಕಳದವರೆಗಿನ ಮರಳಿನಲ್ಲಿ ನಾಯಿಗೆ ಒದಗುವ ತೊಂದರೆಗಳಲ್ಲಿ ಹೆಚ್ಚಿನವು ಹಗ್ಗ ಬಿಚ್ಚಿದ ಹೊತ್ತಿನವು. ಹಾಗಾಗಿ ಹಗ್ಗದ ಮಾತು ಇಲ್ಲಿ ಮತ್ತೆ ಮತ್ತೆ ಬರುತ್ತದೆ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರುವರಿವರೆಗೆ ಸರಿಯಾದ ಕಾಲ. ಮಾರ್ಚ್ ದಾಟಿದರೆ ಮಧ್ಯಾಹ್ನದ ಹೊಯಿಗೆ ಕಾದ ಕಾವಲಿಯೇ. ಡಿಸೆಂಬರ್ ಕೊನೆಯ ವಾರ ಗೋಕರ್ಣದ ಕಡೆ ಜನವೂ ಜಾಸ್ತಿ, ಪಟಾಕಿಯೂ ಜಾಸ್ತಿ; ಬೆದರಿ ಓಡಿದ ನಾಯಿಗೆ ಅಲ್ಲಿ ಮನೆ ದಾರಿ ಗೊತ್ತಿರುವುದಿಲ್ಲ.

ರೇಬಿಸ್ ಲಸಿಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮೊದಲ ಲಸಿಕೆಯಾದರೆ ಕನಿಷ್ಠ ಒಂದು ತಿಂಗಳು ಮುಂಚೆ ಹಾಕಿಸಿರಬೇಕು. ಉಣುಗಿನ ಔಷಧವನ್ನೂ ಪಶುವೈದ್ಯರನ್ನು ಕೇಳಿ ಕೆಲವು ದಿನ ಮೊದಲೇ ಕೊಡಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವವರು ನಡುವೆ ಗಾಡಿ ನಿಲ್ಲಿಸಿ ನಾಯಿಯನ್ನು ಪೊದೆಯತ್ತ ಬಿಡುವುದುಂಟು. ಬಿಡಬೇಡಿ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗುಗಳಿಂದ, ಅದೂ ಇದೇ ಒಣ ತಿಂಗಳುಗಳಲ್ಲಿ. ನಾಯಿಯ ಮೈಗೆ ಹತ್ತಿದ್ದು ರಾತ್ರಿ ಡೇರೆಯಲ್ಲಿ ನಿಮ್ಮ ಹಾಸಿಗೆಗೂ ಇಳಿಯುತ್ತದೆ. ರಸ್ತೆಯಂಚಿನಲ್ಲೇ ಹಗ್ಗ ಹಿಡಿದು ಮೂತ್ರ ಮಾಡಿಸಿ, ಹೊರಡಿ.

ಎಲ್ಲ ಬೀಚಿನಲ್ಲೂ ಡೇರೆಗೆ ಅವಕಾಶವಿಲ್ಲ. ಹೊನ್ನಾವರದ ಕಾಸರಕೋಡು ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ನಿಯಮದಲ್ಲೇ ಸಾಕುಪ್ರಾಣಿಗಳ ಪ್ರವೇಶಕ್ಕೆ ಕಡಿವಾಣವಿದೆ, ಅನುಮತಿಯಿಲ್ಲದ ಡೇರೆಗೆ ನಿಷೇಧವಿದೆ. ಕಾರವಾರದ ಅರಗಾ ಕಡೆ ನೌಕಾನೆಲೆ, ಅತ್ತ ಯೋಚಿಸುವುದೇ ಬೇಡ. ಕಡಲಿಗೆ ತಾಗಿದ ತೆಂಗಿನ ತೋಟವಿರುವ ಹೋಮ್‌ಸ್ಟೇಯವರನ್ನು ಕೇಳಿ ಅಲ್ಲೇ ಡೇರೆ ಹಾಕುವುದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ಫೋನಿನಲ್ಲೇ ಮೂರು ಪ್ರಶ್ನೆ ಕೇಳಿಬಿಡಿ: ನಿಮ್ಮಲ್ಲಿ ನಾಯಿ ಇದೆಯೇ, ಕೋಳಿಗಳು ಬಿಡುಬೀಸಾಗಿ ಓಡಾಡುತ್ತವೆಯೇ, ಸಿಹಿನೀರಿನ ಬಾವಿ ಎಷ್ಟು ದೂರ?

ಜಾಗ ಗುರುತಿಸುವುದು

ಮರಳಿನ ಮೇಲೆ ಕಸಕಡ್ಡಿ, ಚಿಪ್ಪು, ಪಾಚಿ ಸಾಲಾಗಿ ಬಿದ್ದಿರುತ್ತದಲ್ಲ, ಅದು ಹಿಂದಿನ ಉಬ್ಬರದ ಗೆರೆ. ಇಂಥ ಗೆರೆ ಎರಡು ಮೂರು ಇದ್ದರೆ ಎಲ್ಲಕ್ಕಿಂತ ಮೇಲಿನದನ್ನು ಹಿಡಿದು, ಅಲ್ಲಿಂದ ಇನ್ನೂ ಇಪ್ಪತ್ತು ಹೆಜ್ಜೆ ದಡದತ್ತ ಹೋಗಿ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷದ ಅಂತರ. ಮಧ್ಯಾಹ್ನ ಒಂದಕ್ಕೆ ನೀರು ಏರಿದ್ದರೆ ರಾತ್ರಿ ಒಂದೂವರೆಯ ಹೊತ್ತಿಗೆ, ನೀವು ಗಾಢ ನಿದ್ದೆಯಲ್ಲಿರುವಾಗ, ಮತ್ತೆ ಏರುತ್ತದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಒಂದೇ ಎತ್ತರಕ್ಕೆ ಬರುವುದಿಲ್ಲ. ಹಗಲಿನದನ್ನು ನೋಡಿ ರಾತ್ರಿಯದನ್ನು ಅಳೆಯಲು ಹೋದವರ ಡೇರೆ ಒದ್ದೆಯಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಇನ್ನಷ್ಟು ಹಿಂದೆ ಸರಿಯಿರಿ.

ತೆಂಗಿನ ಮರದ ನೇರ ಕೆಳಗೆ ಬೇಡ, ಕಾರಣ ಹೇಳಬೇಕಿಲ್ಲ. ಗಾಳಿಮರದ ತೋಪಿನಲ್ಲಿ ನೆರಳು ಚೆನ್ನ, ಆದರೆ ಉದುರಿದ ಒಣ ಎಲೆಗೆ ಒಂದು ಕಿಡಿ ಸಾಕು. ಸ್ಟೋವನ್ನು ಬರಿಮರಳಿನ ಮೇಲೆ, ಹಲಗೆಯೊಂದನ್ನು ಹಾಸಿಯೇ ಹಚ್ಚಿ.

ಡೇರೆ ನಿಲ್ಲಿಸುವುದು

‘ಇಬ್ಬರ ಡೇರೆ’ ಎಂದು ಮಾರುವುದರಲ್ಲಿ ಇಬ್ಬರು ಮಲಗಿದರೆ ಮುಗಿಯಿತು. ನಾಯಿಯಿದ್ದರೆ ಮೂರು ಅಥವಾ ನಾಲ್ಕು ಜನರದ್ದು ಬೇಕು. ಉಗುರಿಗೆ ತಳ ಹರಿಯದಂತೆ ಒಳಗೆ ಹಳೆಯ ಜಮಖಾನ ಹಾಸಿ.

ಡೇರೆಯ ಜತೆ ಬರುವ ಸಣ್ಣ ಗೂಟಗಳು ಮರಳಿನಲ್ಲಿ ನಿಲ್ಲುವುದಿಲ್ಲ. ಅದರ ಬದಲು ಹೀಗೆ ಮಾಡಿ. ಗಟ್ಟಿ ಬಟ್ಟೆಚೀಲಕ್ಕೆ ಎರಡು ಮೂರು ಕಿಲೋ ಮರಳು ತುಂಬಿ ಬಾಯಿ ಕಟ್ಟಿ. ಡೇರೆಯ ಹಗ್ಗವನ್ನು ಚೀಲದ ನಡುವಿಗೆ ಬಿಗಿಯಿರಿ. ಒಂದೂವರೆ ಅಡಿ ಗುಂಡಿ ತೋಡಿ ಚೀಲ ಇಳಿಸಿ, ಮರಳು ಮುಚ್ಚಿ, ನೀರು ಚಿಮುಕಿಸಿ ತುಳಿಯಿರಿ. ಹಗ್ಗ ನೆಲದಿಂದ ಓರೆಯಾಗಿ ಮೇಲೇಳಬೇಕು. ನೆಟ್ಟಗೆ ನಿಂತರೆ ಗಾಳಿಗೆ ಚೀಲವೇ ಎದ್ದುಬರುತ್ತದೆ. ಮಧ್ಯಾಹ್ನದ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ತಿರುಗಿ ಘಟ್ಟದ ಕಡೆಯಿಂದ. ಆದ್ದರಿಂದ ಡೇರೆಯ ಕಿರಿದಾದ ಬದಿ ಪಶ್ಚಿಮಕ್ಕಿರಲಿ, ಎರಡೂ ತುದಿಯ ಜಾಲರಿ ತೆರೆದಿರಲಿ. ಇಬ್ಬನಿ ಜೋರು, ಮೇಲುಹೊದಿಕೆ ತಪ್ಪಿಸಬೇಡಿ.

ನಾಯಿಯನ್ನು ಡೇರೆಯ ಕಂಬಕ್ಕೆ ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಒಂದು ಏಡಿ ಓಡಿದರೆ ಸಾಕು, ಡೇರೆ ಮಗುಚುತ್ತದೆ. ಅದಕ್ಕೆಂದೇ ಐದಾರು ಕಿಲೋದ ಇನ್ನೊಂದು ಚೀಲ ಎರಡು ಅಡಿ ಆಳಕ್ಕೆ ಹೂತು, ಹತ್ತು ಅಡಿ ಹಗ್ಗವನ್ನು ಕುತ್ತಿಗೆಯ ಬೆಲ್ಟಿಗಲ್ಲ, ಎದೆಗೆ ತೊಡಿಸುವ ಹಾರ್ನೆಸ್ಸಿಗೆ ಸಿಕ್ಕಿಸಿ. ಈ ಕೆಲಸ ಮೊದಲು, ಡೇರೆ ಆಮೇಲೆ.

ನೀರು, ಬಿಸಿಲು, ಮೀನು

ದಿನಕ್ಕೆ ನಾಯಿಯ ತೂಕದ ಪ್ರತಿ ಕಿಲೋಗೆ 50–60 ಮಿಲಿಲೀಟರ್ ನೀರು ಸಾಮಾನ್ಯ ಲೆಕ್ಕ. ಕಡಲಂಚಿನಲ್ಲಿ ಅದನ್ನು ದುಪ್ಪಟ್ಟು ಮಾಡಿ: 20 ಕಿಲೋ ನಾಯಿಗೆ ಎರಡು ಲೀಟರ್ ಕುಡಿಯಲಿಕ್ಕೆ, ತೊಳೆಯಲು ಎಂಟು ಹತ್ತು ಲೀಟರ್ ಬೇರೆ. ಬಾಯಾರಿದ ನಾಯಿ ಉಪ್ಪುನೀರು ಕುಡಿಯುತ್ತದೆ, ವಾಂತಿ ಭೇದಿ ಹಿಡಿಯುತ್ತದೆ. ಹೆಚ್ಚು ಕುಡಿದರೆ ರಕ್ತದ ಉಪ್ಪಿನಂಶ ಏರಿ ಜೀವಕ್ಕೇ ಸಂಚಕಾರ. ಅರ್ಧ ಗಂಟೆಗೊಮ್ಮೆ ಸಿಹಿನೀರು ಮುಂದಿಡಿ. ಒದ್ದೆ ಚೆಂಡು ಎಸೆದು ಆಡಿಸಿದರೆ ಚೆಂಡಿನ ಜತೆ ಮರಳೂ ಹೊಟ್ಟೆಗೆ ಹೋಗಿ ಕರುಳು ಕಟ್ಟುತ್ತದೆ. ತೆಂಗಿನ ಸಿಪ್ಪೆ ಅಗಿಯುವುದರಿಂದಲೂ ಅದೇ ಅಪಾಯ.

ಅಂಗೈ ಹಿಂಭಾಗವನ್ನು ಮರಳಿಗೆ ಒತ್ತಿ ಏಳು ಎಣಿಸಿ. ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲಿಸಬೇಡಿ. ವಿಪರೀತ ತೇಕು, ಜೊಲ್ಲು, ತೂರಾಟ ಕಂಡರೆ ಹೊಟ್ಟೆ, ತೊಡೆಸಂದು, ಪಾದಕ್ಕೆ ಸಾದಾ ನೀರು ಸುರಿದು ಗಾಳಿ ಹಾಕುತ್ತಲೇ ತಾಲೂಕು ಕೇಂದ್ರದ ಪಶು ಆಸ್ಪತ್ರೆಗೆ ಹೊರಡಿ.

ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆದ ಜಾಗದಲ್ಲಿ ಬೇಡದ ಮೀನು ಬಿದ್ದಿರುತ್ತವೆ. ಮುಟ್ಟಿದರೆ ಚೆಂಡಿನಂತೆ ಊದಿಕೊಳ್ಳುವ ಮುಳ್ಳುಮೀನು ಅವುಗಳಲ್ಲಿ ಘೋರ. ಸತ್ತು ಒಣಗಿದ್ದರೂ ಅದರ ವಿಷ ಹೋಗುವುದಿಲ್ಲ, ಮದ್ದೂ ಇಲ್ಲ. ಅಲ್ಲಿ ಹಗ್ಗ ಗಿಡ್ಡವಾಗಿ ಹಿಡಿಯಿರಿ. ಅಘನಾಶಿನಿ, ಶರಾವತಿ, ಕಾಳಿ ನದಿಗಳು ಕಡಲು ಸೇರುವ ಅಳಿವೆಗಳ ಬಳಿ ನಾಯಿಯನ್ನು ಈಜಿಸಬೇಡಿ. ನೀರು ಶಾಂತವಾಗಿ ಕಂಡರೂ ಇಳಿತದ ಹೊತ್ತಿನ ಸೆಳೆತ ಅದನ್ನು ಹೊರಗಡಲಿಗೆ ಒಯ್ಯುತ್ತದೆ.

ರಾತ್ರಿ

ಬೀಚಿನ ನಾಯಿಗಳು ತಂತಮ್ಮ ಗಡಿ ಹಾಕಿಕೊಂಡಿರುತ್ತವೆ. ಉಂಡ ಬಟ್ಟಲು, ಮೀನಿನ ಮುಳ್ಳು ಹೊರಗೆ ಬಿಟ್ಟರೆ ನೀವೇ ಅವನ್ನು ಕರೆದಂತೆ. ಊಟವಾದ ಮೇಲೆ ಒಂದು ಗಿಡ್ಡ ನಡಿಗೆ, ಆಮೇಲೆ ನಾಯಿ ಡೇರೆಯೊಳಗೆ, ಜಿಪ್ ಪೂರ್ತಿ ಮುಚ್ಚಿರಲಿ.

ಇದೇ ತಿಂಗಳುಗಳಲ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ, ಒಂದು ಗೂಡಿನಲ್ಲಿ ನೂರರ ಸುಮಾರು. ಬಿಟ್ಟ ನಾಯಿ ಹತ್ತೇ ನಿಮಿಷದಲ್ಲಿ ಅದನ್ನು ಅಗೆದು ಮುಗಿಸುತ್ತದೆ. ಬಲೆ ಸುತ್ತಿದ ಜಾಗ ಕಂಡರೆ ದೂರವಿರಿ. ಟ್ರ್ಯಾಕ್ಟರ್ ಚಕ್ರದ ಗುರುತಿನಂತೆ ಆಮೆಯ ಹೆಜ್ಜೆಸಾಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ದೊಡ್ಡ ಲೈಟು ಬೇಡ. ಬೆಳಕಿಗೆ ಮರಿಗಳು ಕಡಲು ಬಿಟ್ಟು ನಿಮ್ಮತ್ತ ಬರುತ್ತವೆ.

ಹೊರಡುವ ಬೆಳಿಗ್ಗೆ ನಾಯಿಯನ್ನು ಸಿಹಿನೀರಿನಲ್ಲಿ ತೊಳೆದು, ಕಿವಿ ಒರೆಸಿ, ಬೆರಳುಸಂದಿನ ಮರಳು ತೆಗೆಯಿರಿ. ಹೂತ ಚೀಲಗಳನ್ನೆಲ್ಲ ಎಣಿಸಿ ಎತ್ತಿ, ಗುಂಡಿಗಳನ್ನೂ ನಾಯಿ ಕೆರೆದ ಹೊಂಡಗಳನ್ನೂ ಸಪಾಟಾಗಿ ಮುಚ್ಚಿ. ಒಂದೂವರೆ ಅಡಿಯ ಗುಂಡಿಗೆ ಬಿದ್ದ ಆಮೆಮರಿ ಮೇಲೆ ಹತ್ತಲಾರದು.