ಗೋಡೆಯ ಮೇಲಿನ ಆ ಅಂಕಿ

2021ರಲ್ಲಿ ಮೈಸೂರಿನ ನಮ್ಮ ಮನೆಗೆ, ಆಯಾ ಕ್ಷಣಕ್ಕೆ ಎಷ್ಟು ಕರೆಂಟ್ ಉರಿಯುತ್ತಿದೆ ಅಂತ ತೋರಿಸುವ ಕರೆಂಟ್ ಮಾನಿಟರ್ ಹಾಕಿಸಿದೆ. ಮನೆಗೆಲ್ಲ ಕರೆಂಟು ಹಂಚುವ ಡಿಬಿ ಬಾಕ್ಸ್ ಒಳಗೆ ತಂತಿ ಹಿಡಿದುಕೊಳ್ಳುವ ಕ್ಲಾಂಪ್ ಇರುವ ಸೆನ್ಸರ್, ಅಡುಗೆಮನೆ ಗೋಡೆಗೆ ಅಂಗೈಯಗಲದ ಪರದೆ. ಮೊದಲ ದಿನ ಪರದೆ ಸೊನ್ನೆ ಬಿಟ್ಟು ಕದಲಲಿಲ್ಲ. ಎಲೆಕ್ಟ್ರಿಷಿಯನ್ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪಿಗೆ ಸಿಕ್ಕಿಸಿದ್ದ. ಹೋಗುವ ಕರೆಂಟು, ಬರುವ ಕರೆಂಟು ಎರಡೂ ವಜಾ ಆಗಿಬಿಡುತ್ತವೆ. ಫೇಸ್ ತಂತಿ ಒಂದೇ ಇರಬೇಕು.

ಮೂರು ತಿಂಗಳು ಮನೆಯಲ್ಲಿ ಅದೇ ಕ್ರಿಕೆಟ್ ಸ್ಕೋರು. ಗೀಸರ್ ಹಾಕಿದೊಡನೆ ಅಂಕಿ 300 ವ್ಯಾಟಿನಿಂದ 2300ಕ್ಕೆ ಜಿಗಿಯುತ್ತಿತ್ತು. "ಯಾರೋ ಅದು, ಇನ್ನೂ ಸ್ನಾನ ಮುಗೀಲಿಲ್ವಾ?" ಅಂತ ಅಮ್ಮ ಒಲೆ ಮುಂದಿನಿಂದಲೇ ಕೂಗುತ್ತಿದ್ದರು. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಅನ್ನುವುದು ಅವರಿಗೆ ಬಾಯಿಪಾಠವಾಗಿತ್ತು. ತಿಂಗಳಿಗೆ 190 ಯೂನಿಟ್ ಬರುತ್ತಿದ್ದದ್ದು 150ಕ್ಕೆ ಇಳಿಯಿತು.

ಆಮೇಲೆ ಪರದೆ ಕ್ಯಾಲೆಂಡರಿನ ಹಿಂದೆ ಸೇರಿಕೊಂಡಿತು. ಸೆನ್ಸರಿನ ಬ್ಯಾಟರಿ ಮುಗಿದು ಎಷ್ಟು ದಿನವಾಗಿತ್ತೋ, ನನಗೂ ಗೊತ್ತಾಗಲಿಲ್ಲ. ಗೀಸರ್ ಮತ್ತೆ ಮುಕ್ಕಾಲು ಗಂಟೆ. ಆದರೂ ಬಿಲ್ 190ಕ್ಕೆ ವಾಪಸ್ ಹೋಗದೆ 165ರ ಆಸುಪಾಸಿನಲ್ಲಿ ನಿಂತಿತು. ಕೂತು ಲೆಕ್ಕ ಹಾಕಿದಾಗ ಸಿಕ್ಕಿದ್ದು ಫ್ಯಾನು. ಆಗಿನ ಹುಮ್ಮಸ್ಸಿನಲ್ಲಿ 75 ವ್ಯಾಟಿನ ಎರಡು ಹಳೇ ಫ್ಯಾನ್ ಬಿಚ್ಚಿ 28 ವ್ಯಾಟಿನ, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿದ್ದೆ. ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 22 ಯೂನಿಟ್ ಉಳಿತಾಯ. ಯಾರು ಮರೆತರೂ ಅವು ತಮ್ಮ ಪಾಡಿಗೆ ಉಳಿಸುತ್ತಲೇ ಇದ್ದವು. ನಾವು ಕೂಗಾಡಿ ಕಲಿತ ಶಿಸ್ತು ಆರು ತಿಂಗಳೂ ಬಾಳಲಿಲ್ಲ.

ಈಗ ನಾನು ನೋಡುವುದು ಊರಿಗೆ ಹೊರಟಾಗ, ಬೀಗ ಹಾಕುವ ಮುಂಚೆ ಮಾತ್ರ. ಒಂದು ಸಲ ಎಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ತೆಗೆದ ಮೇಲೆ 600 ತೋರಿಸಿತು. ಸಂಪಿನಲ್ಲಿ ನೀರಿಲ್ಲದೆ ಮೋಟರು ಒಣ ಓಡುತ್ತಿತ್ತು. ಮಾನಿಟರಿಗೆ ಕೊಟ್ಟ ದುಡ್ಡು ಅವತ್ತೇ ಹುಟ್ಟಿತು.

2023ರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂತು. 2022–23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿ ಉಚಿತ, ನಮಗೆ 181 ಯೂನಿಟ್. ಉಳಿಸದೇ ಇದ್ದಿದ್ದರೆ 200ರವರೆಗೂ ಸಿಗುತ್ತಿತ್ತಲ್ಲ ಅಂತ ತಮ್ಮ ಇವತ್ತಿಗೂ ರೇಗಿಸುತ್ತಾನೆ. ಆದರೆ ಅದು ಬಂದ ಮೇಲೆ ಅಮ್ಮ ಸೆನ್ಸರಿಗೆ ಹೊಸ ಬ್ಯಾಟರಿ ಹಾಕಿಸಿದರು. ಮೊದಲೆರಡು ವಾರ ಪರದೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇಪ್ಪತ್ತನೇ ದಿನ ದಾಟಿದ ಮೇಲೆ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಾರೆ: "ಎಷ್ಟಾಯ್ತೋ?"